ಭಾನುವಾರ ಬಂದ ಭೂಕಂಪ

ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ 5ರಿಂದ 6.9ರವರೆಗಿನ ತೀವ್ರತೆಯ ಭೂಕಂಪಕ್ಕೆ ‘ಮಧ್ಯಮ’ ಅಂತ ಹೆಸರು. 7 ಮುಟ್ಟಿದರೆ ಮಾತ್ರ ‘ಮಹಾ’. 1993ರಲ್ಲಿ ಹತ್ತಿರ ಹತ್ತಿರ 10,000 ಜನರನ್ನು ಮಣ್ಣು ಮಾಡಿದ ಕಿಲ್ಲಾರಿಯ ಭೂಕಂಪವೂ ಈ ಪಟ್ಟಿಯಲ್ಲಿ ಮಧ್ಯಮವೇ. ಸತ್ತವರಿಗೆ ಈ ವಿಷಯ ಗೊತ್ತಾಗಲಿಲ್ಲ ಅಷ್ಟೇ.

ಸಿಕ್ಕಿಂನ ಗ್ಯಾಂಗ್ಟಾಕ್‌ಗೆ ಬಂದ ಇಂಥ ಮಧ್ಯಮದವರಲ್ಲಿ ಇಬ್ಬರ ಕಥೆ ಕೇಳಿ. ಮೊದಲನೆಯದು 2006ರ ಫೆಬ್ರುವರಿ 14ರಂದು, ಬೆಳಗ್ಗೆ ಆರೂವರೆಯ ಆಸುಪಾಸಿನಲ್ಲಿ. ಐದು ಚಿಲ್ಲರೆ ತೀವ್ರತೆ. ಆ ಹೊತ್ತಿಗೆ ಯಾವ ಕಚೇರಿ ತೆರೆದಿರುತ್ತೆ ಹೇಳಿ? ಅರ್ಜಿ ತೆಗೆದುಕೊಳ್ಳುವವರೇ ಇರಲಿಲ್ಲ. ಐದು ವರ್ಷ ಕಾದು, 2011ರ ಸೆಪ್ಟೆಂಬರ್ 18ರ ಸಂಜೆ ಮತ್ತೆ ಬಂತು, ಈ ಸಲ 6.9. ಅವತ್ತು ಭಾನುವಾರ! ಪಾಪ, ಭೂಕಂಪಕ್ಕೆ ರಜಾದಿನಗಳ ಪಟ್ಟಿ ಯಾರು ಕೊಟ್ಟಿದ್ದರು? ಆದರೂ ಅದು ಸುಮ್ನೆ ವಾಪಸ್ ಹೋಗಲಿಲ್ಲ. ಸಚಿವಾಲಯದ ಗೋಡೆಯ ಮೇಲೇ ಸಹಿ ಹಾಕಿ ಹೋಯಿತು. ಊರಿನ ಕಟ್ಟಡಗಳನ್ನು ನೋಡಿಕೊಳ್ಳಬೇಕಾದ ಸರ್ಕಾರದ ಕಟ್ಟಡವೇ ಬಿರುಕು ಬಿಟ್ಟು ಕೂತಿತು. ಗಡಿಯ ಆಚೆ ಈಚೆ ಸೇರಿ ನೂರಕ್ಕೂ ಹೆಚ್ಚು ಜನ ಹೋದರು.

2006ರಲ್ಲೇ ಕಾನ್ಪುರದ ಐಐಟಿಯವರು ಬಂದು ನೋಡಿ, ಬರೆದಿದ್ದರು. ಹಳೆಯ ಇಕ್ರಾ ಮನೆಗಳು ಚೆನ್ನಾಗಿ ತಡೆದುಕೊಂಡಿವೆ ಅಂತ. ಇಕ್ರಾ ಅಂದರೆ ಮರದ ಚೌಕಟ್ಟು, ನಡುವೆ ಬಿದಿರಿನ ತಟ್ಟಿ, ಮೇಲೆ ಮಣ್ಣಿನ ಮೆತ್ತೆ. ಇಂಜಿನಿಯರ್ ಇಲ್ಲ, ನಕ್ಷೆ ಇಲ್ಲ. 2011ರಲ್ಲೂ ಅವೇ ನಿಂತವು. ಇದರಿಂದ ಊರಿನವರು ಕಲಿತದ್ದೇನು? ಇಕ್ರಾ ಮನೆ ಕೆಡವಿ ಕಾಂಕ್ರೀಟ್ ಕಟ್ಟೋದು. ಇಕ್ರಾ ಮನೆಯ ಮೇಲೆ ಐದು ಮಹಡಿ ಏರಿಸಿ ಬಾಡಿಗೆಗೆ ಕೊಡೋಕೆ ಆಗಲ್ಲ, ಅಲ್ವಾ?

ಮಹಡಿ ಅಂದೆ. ಬೆಟ್ಟದ ಊರಿನಲ್ಲಿ ಮಹಡಿ ಎಣಿಸೋದೇ ಒಂದು ವಿದ್ಯೆ. ರಸ್ತೆಯಿಂದ ನೋಡಿದರೆ ಎರಡಂತಸ್ತಿನ ಸಭ್ಯ ಮನೆ. ಹಿಂದಿನ ಕಣಿವೆಗೆ ಇಳಿದು ನೋಡಿ, ಏಳು! ಉಳಿದ ಐದು ಕೆಳಕ್ಕೆ ನೇತಾಡುತ್ತಿರುತ್ತವೆ. ರಸ್ತೆ ಕಡೆಯ ಕಂಬ ಗಿಡ್ಡ, ಕಣಿವೆ ಕಡೆಯದು ಉದ್ದ. ನೆಲ ಅಲುಗಿದಾಗ ಉದ್ದದ್ದು ಬಾಗುತ್ತದೆ, ಗಿಡ್ಡದ್ದು ಬಾಗಲಾರದೆ ಭಾರವೆಲ್ಲ ಮೈಮೇಲೆ ಎಳೆದುಕೊಂಡು ಮೊದಲು ಮುರಿಯುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಳಗಿನ ಗುಮಾಸ್ತನ ಪಾಡೂ ಇದೇ. ನಾವಾದರೆ ‘ಅಕ್ರಮ ಸಕ್ರಮ’ ಅಂತ ಒಂದು ಅರ್ಜಿ ಬರೆಸಿ ಎಲ್ಲ ಸರಿಮಾಡಿಬಿಡುತ್ತಿದ್ದೆವು. ಬೆಟ್ಟದ ಕೈಲಿ ಸಹಿ ಹಾಕಿಸೋದು ಹೇಗೆ ಅನ್ನೋದೊಂದೇ ತೊಡಕು.

ಒಂದು ಸಲ ಆ ಊರಿನ ಹೋಟೆಲೊಂದರಲ್ಲಿ ಉಳಿದಿದ್ದೆವು. ‘ನಾಲ್ಕನೇ ಮಹಡಿ’ ಅಂದರು. ಮೇಲೆ ಹೋದರೆ ಕಾಂಚನಜುಂಗಾ ಚೆನ್ನಾಗಿ ಕಾಣುತ್ತೆ ಅಂತ ನನ್ನಾಕೆಗೆ ಖುಷಿ. ಹುಡುಗ ನಮ್ಮ ಪೆಟ್ಟಿಗೆ ಹೊತ್ತು ಮೆಟ್ಟಿಲು ಇಳಿಯತೊಡಗಿದ. ಇಳಿದೆವು, ಇಳಿದೆವು, ನಾಲ್ಕು ಮಹಡಿ ಇಳಿದೆವು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್. ಬಾಗಿಲ ಹಿಂದೆ ಒಂದು ಬೋರ್ಡು: ‘ಭೂಕಂಪ ನಿಂತ ಕೂಡಲೇ ಮೆಟ್ಟಿಲು ಇಳಿದು ರಸ್ತೆಗೆ ಹೋಗಿ.’

ರಾತ್ರಿ ಮ್ಯಾನೇಜರನ್ನು ಕೇಳಿದೆ. “ಅಲ್ರೀ, ರಸ್ತೆ ಇರೋದು ನಮ್ಮ ತಲೆ ಮೇಲೆ. ಇಳಿದು ಹೋಗೋದು ಎಲ್ಲಿಗೆ?”

ಅವನು ಬೋರ್ಡನ್ನು ಮೊದಲ ಸಲ ಓದಿದವನ ಹಾಗೆ ನೋಡಿದ. “ಇದು ಸಿಲಿಗುರಿಯಿಂದ ತರಿಸಿದ್ದು ಸಾರ್,” ಅಂದ. “ಅಲ್ಲಿ ಎಲ್ಲಾ ಸಪಾಟು.”