ರಗ್ಗು ಹಂಚಿದ ಮೇಲೆ ಏನು?

ಡಿಸೆಂಬರ್ ಬಂತೆಂದರೆ ನಮ್ಮ ಹುಬ್ಬಳ್ಳಿಯ ಕ್ರೈಸ್ತ ಸಭೆಗಳಿಗೆಲ್ಲ ಬಡವರ ನೆನಪಾಗುತ್ತದೆ. ರೈಲ್ವೆ ಸ್ಟೇಷನ್ ಮುಂದೆ ರಗ್ಗು ಹಂಚುತ್ತೇವೆ. ಯುವಕರ ಕೂಟದವರು ಒಂದು ದಿನ, ಮಹಿಳಾ ಕೂಟದವರು ಇನ್ನೊಂದು ದಿನ, ಪಕ್ಕದ ಸಭೆಯವರು ಮತ್ತೊಂದು ದಿನ. ಒಬ್ಬನೇ ಅಜ್ಜನಿಗೆ ಒಂದೇ ವಾರದಲ್ಲಿ ಮೂರ್ನಾಲ್ಕು ರಗ್ಗು. ಫೋಟೊ ಬರುತ್ತದೆ, ಕೆಳಗೆ ಸಾಲುಸಾಲು 'ಆಮೆನ್'. ಏಪ್ರಿಲ್ ಬಿಸಿಲಲ್ಲಿ ಅದೇ ಅಜ್ಜನಿಗೆ ಒಂದು ಬಾಟಲಿ ನೀರು ಕೊಡೋಕೆ ಯಾವ ಕೂಟವೂ ಇರುವುದಿಲ್ಲ.

ರಗ್ಗು ಕೊಡಬೇಡಿ ಅಂತಲ್ಲ. ಚಳಿ ಚಳಿಯೇ. ನನ್ನ ತಕರಾರು ಬೇರೆ. ಏನು ಕೊಡಬೇಕು, ಯಾವತ್ತು ಕೊಡಬೇಕು ಅನ್ನೋದನ್ನೆಲ್ಲ ನಾವು ಕಮಿಟಿಯಲ್ಲೇ ಕೂತು ತೀರ್ಮಾನ ಮಾಡಿಬಿಡುತ್ತೇವೆ. ಆಮೇಲೆ ತೆಗೆದುಕೊಳ್ಳುವವರನ್ನು ಹುಡುಕಿಕೊಂಡು ಹೋಗುತ್ತೇವೆ. ನಿನಗೇನು ಬೇಕಪ್ಪಾ ಅಂತ ಯಾರೂ ಕೇಳುವುದಿಲ್ಲ.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬಾರ್ತಿಮಾಯ ಬರುತ್ತಾನಲ್ಲ, ಯೆರಿಕೋ ಊರ ದಾರಿ ಬದಿಯಲ್ಲಿ ಭಿಕ್ಷೆಗೆ ಕೂತವನು, ಕಣ್ಣು ಕಾಣದವನು. ಅವನು ಕೂಗಿದಾಗ ಜನ ಗದರಿಸಿ ಬಾಯಿ ಮುಚ್ಚಿಸೋಕೆ ನೋಡಿದರು. ಯೇಸುಸ್ವಾಮಿ ನಿಂತರು, ಕರೆಸಿದರು. ಕಣ್ಣು ಕಾಣದವನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಿಲ್ಲ? ಆದರೂ 'ನಾನು ನಿನಗೆ ಏನು ಮಾಡಬೇಕು' ಅಂತ ಕೇಳಿದರು. ಅವನ ಬಾಯಿಂದಲೇ ಬರಲಿ ಅಂತ ಕಾದರು. ಅಲ್ಲಿ ನಮ್ಮ ಕಮಿಟಿ ಇದ್ದಿದ್ದರೆ ಒಂದು ರಗ್ಗು ಹೊದಿಸಿ ಮುಂದೆ ಹೋಗಿರುತ್ತಿತ್ತು. ಮಜಾ ಏನಂದರೆ, ಅವನು ಮೈಮೇಲೆ ಹೊದ್ದಿದ್ದನ್ನೂ ಎಸೆದು ಎದ್ದು ಬಂದಿದ್ದ!

ಕೇಳಿದರೆ ಏನೇನು ಗೊತ್ತಾಗುತ್ತದೆ ಅಂತ ನೋಡಬೇಕಾದರೆ ವಿದ್ಯಾನಗರದ ಕಿಮ್ಸ್ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಒಂದು ಸಂಜೆ ಕೂತು ನೋಡಿ. ಹೆಸರು ಈಗ ಬದಲಾಗಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಕಿಮ್ಸ್. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಎಲ್ಲ ಕಡೆಯ ಜನ ಅಲ್ಲಿದ್ದಾರೆ. ರೋಗಿ ಒಳಗೆ ಮಲಗಿರುತ್ತಾರೆ. ಜೊತೆಗೆ ಬಂದವರು ಗಿಡದ ಕೆಳಗೆ ಚಾಪೆ ಹಾಸಿಕೊಂಡಿರುತ್ತಾರೆ. 2023ರಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಒಬ್ಬೊಬ್ಬರೇ ಬಂದ ಅವ್ವಂದಿರು ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಗಂಡಸರು ಕೂಲಿ ಬಿಟ್ಟು ಬರೋಕಾಗುವುದಿಲ್ಲ.

ರಾಣೆಬೆನ್ನೂರು ಕಡೆಯ ಅಜ್ಜಿಯೊಬ್ಬರನ್ನು ಕೇಳಿದೆ. "ಯವ್ವಾ, ಏನರ ಬೇಕಾಗಿತ್ತೇನು?"

"ಊಟ ಆಗೇತಿ ತಮ್ಮಾ. ಈ ಚೀಟಿ ತಗೊಂಡು ಎಲ್ಲಿಗೆ ಹೋಗಬೇಕು, ಅಷ್ಟು ಹೇಳು."

ಅದು ಸ್ಕ್ಯಾನಿಂಗ್ ಚೀಟಿ. ಇನ್ನೊಬ್ಬರಿಗೆ ಬೇಕಾಗಿದ್ದದ್ದು, ತಾನು ಸ್ನಾನ ಮಾಡಿ ಬರುವ ತನಕ ಹೆಂಡತಿಯ ಹತ್ತಿರ ಕೂರೋಕೆ ಒಬ್ಬರು. ಮತ್ತೊಬ್ಬರ ಫೋನ್ ಸತ್ತು ಹೋಗಿತ್ತು, ಊರಿಗೆ ಸುದ್ದಿ ಮುಟ್ಟಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳೋದು ಕಾರ್ಡಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಆದರೆ ಗಾಬರಿಯಲ್ಲಿ ಹೊರಟು ಬಂದವರ ರೇಷನ್ ಕಾರ್ಡು ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ಊರಿಗೆ ಫೋನ್ ಹಚ್ಚಬೇಕು, ಪಕ್ಕದ ಮನೆ ಹುಡುಗನಿಂದ ಫೋಟೊ ತೆಗೆಸಿ ವಾಟ್ಸಾಪ್‌ಗೆ ತರಿಸಬೇಕು, ಯಾವ ಕೌಂಟರ್ ಅಂತ ಕೇಳಿ ಜೊತೆಗೆ ಪಾಳಿಯಲ್ಲಿ ನಿಲ್ಲಬೇಕು. ಇದಕ್ಕೆ ಕಾಣಿಕೆ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ಬೇಕಿಲ್ಲ. ಅರ್ಧ ದಿನ ಬೇಕು. ನಮಗೆ ದುಡ್ಡು ಕೊಡೋದು ಸುಲಭ, ಅರ್ಧ ದಿನ ಕೊಡೋದು ಕಷ್ಟ.

ಹಾಗೆ ಹೋದಾಗ ಕರಪತ್ರ ಹಿಡಿದುಕೊಂಡು ಹೋಗಬೇಡಿ, ದಯವಿಟ್ಟು. ಮಗ ಐಸಿಯುನಲ್ಲಿರುವಾಗ ಕೈಗೆ ಕರಪತ್ರ ಕೊಟ್ಟರೆ ಆ ತಾಯಿ ಬೇಡ ಅನ್ನೋಕೂ ಆಗುವುದಿಲ್ಲ. ಈಗಂತೂ ನಮ್ಮವರು ಊಟ ಕೊಟ್ಟರೂ ಜನ ಅನುಮಾನದಿಂದ ನೋಡುತ್ತಾರೆ. ಆ ಅನುಮಾನಕ್ಕೆ ನಾವೂ ಸ್ವಲ್ಪ ಕಾರಣ ಅಲ್ವಾ? ಯೇಸುಸ್ವಾಮಿ ಹೇಳಿದ ಕಥೆಯ ಸಮಾರ್ಯದವನು, ಯೆಹೂದ್ಯರಿಗೆ ಆಗದ ಜನದವನು, ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಛತ್ರದವನಿಗೆ ದುಡ್ಡು ಕೊಟ್ಟ, ಹೋದ. ಅವನ ಹೆಸರೂ ನಮಗೆ ಗೊತ್ತಿಲ್ಲ.

ಇನ್ನು ನಮ್ಮ ಬೆಂಚಿಗೇ ಬರೋಣ. ನಮ್ಮ ಸಭೆಯ ಹಿರಿಯ ವಿಧವೆಯೊಬ್ಬರು ಕೀರ್ತನೆಗೆ ಎದ್ದು ನಿಂತಾಗೆಲ್ಲ ಮುಂದಿನ ಬೆಂಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ವಯಸ್ಸಾಯ್ತಲ್ಲ ಅಂದುಕೊಂಡರು ಎಲ್ಲರೂ. ಪಕ್ಕದಲ್ಲಿ ಕೂರುವ ಅಕ್ಕ ಒಬ್ಬರು ಮಾತ್ರ ಮನೆಗೆ ಹೋಗಿ ವಿಚಾರಿಸಿದರು. ಬಿಪಿ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಪಿಂಚಣಿ ನಿಂತಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಅಷ್ಟೇ ಕಾರಣ. ಭಾನುವಾರದ ಕಾಣಿಕೆ ಮಾತ್ರ ಒಂದು ವಾರವೂ ತಪ್ಪಿಸಿರಲಿಲ್ಲ. ಅದನ್ನು ಎಣಿಸುತ್ತಿದ್ದವರು ನಾವೇ.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ಮೊದಲ ಕ್ರೈಸ್ತರ ನಡುವೆ, ಇಂಥದ್ದೇ ಜಗಳ ಇದೆ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದರು. ದೂರು ಬಂತು. ಆಗ ಏಳು ಜನರನ್ನು ಆರಿಸಿದರು: ಸ್ತೆಫನ, ಫಿಲಿಪ್ಪ ಮುಂತಾದವರು. ಗಮನಿಸಿ, ಆ ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯವರು ಬಿಟ್ಟುಹೋಗಿದ್ದರೋ ಅವರ ಕಡೆಯವರ ಕೈಗೇ ಹಂಚಿಕೆ ಕೊಟ್ಟ ಹಾಗೆ ಕಾಣುತ್ತದೆ.

ಗದಗಿನವರಿಗೆ ಇದು ಹೊಸ ಮಾತಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ 2010ರವರೆಗೆ ಇದ್ದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕತ್ತಲೆ ಏನು ಅಂತ ಗೊತ್ತಿದ್ದವರು. ಅದಕ್ಕೇ ಅಲ್ಲಿ ಮಕ್ಕಳ ಕೈಗೆ ಹಾರ್ಮೋನಿಯಂ, ತಬಲಾ ಬಂತು. ಕ್ರೈಸ್ತನಾಗಿ ಇದನ್ನು ಹೇಳೋಕೆ ನನಗೇನೂ ಮುಜುಗರ ಇಲ್ಲ. ಯೇಸುಸ್ವಾಮಿ ತಮ್ಮ ಜನಕ್ಕೆ ಸಮಾರ್ಯದವನನ್ನೇ ತೋರಿಸಿದ್ದು.

ನಮ್ಮವರೂ ಮಾಡಿದ್ದಾರೆ, ನಿಜ. ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಜನ ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಆದರೆ ಅಜ್ಜಂದಿರ ಕಾಲದ ಸೇವೆಯನ್ನು ಎಷ್ಟು ದಿನ ಭಾಷಣದಲ್ಲಿ ಹೇಳಿಕೊಂಡು ತಿರುಗೋದು?

ಈಗ ನಮ್ಮ ಸಭೆಯಲ್ಲಿ ಒಂದು ಪ್ರಯತ್ನ ಶುರುವಾಗಿದೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಟೇಬಲ್ಲು. ಪಿಂಚಣಿ, ರೇಷನ್ ಕಾರ್ಡು, ಆಸ್ಪತ್ರೆ ಕಾಗದ, ಏನಿದ್ದರೂ ತರಬಹುದು, ಯಾವ ಧರ್ಮದವರಾದರೂ ಬರಬಹುದು. ಪಿಂಚಣಿ ನಿಂತಿದ್ದ ಆ ಅಮ್ಮನೇ ಟೇಬಲ್ಲಿನ ಹಿಂದೆ ಕೂರುತ್ತಾರೆ. ಯಾವ ಕಚೇರಿಗೆ ಯಾವ ಜೆರಾಕ್ಸ್ ಒಯ್ಯಬೇಕು ಅಂತ ಈಗ ಅವರಿಗೆ ಬಾಯಿಪಾಠ. 'ಆಲಯದಲ್ಲಿ ಇದೆಲ್ಲ ಯಾಕೆ' ಅಂತ ಹಿರಿಯರೊಬ್ಬರು ಗೊಣಗಿದರು, ಮುಂದಿನ ವಾರ ತಮ್ಮದೇ ಆಧಾರ್ ಹಿಡಿದುಕೊಂಡು ಬಂದರು.

ಕಿಮ್ಸ್ ಕಡೆಗೆ ವಾರದ ದಿನಗಳಲ್ಲಿ ಹೋಗೋಕೆ ಜನ ಕಡಿಮೆ ಇದ್ದಾರೆ. ರಿಟೈರ್ ಆದವರು, ಫಾರ್ಮ್ ತುಂಬೋಕೆ ಬರುವವರು, ಪಾಳಿಯಲ್ಲಿ ನಿಲ್ಲೋ ತಾಳ್ಮೆ ಇರುವವರು ಇನ್‌ಬಾಕ್ಸ್‌ಗೆ ಬನ್ನಿ. ಫೋನ್ ಚಾರ್ಜರ್ ಇದ್ದರೆ ಅದನ್ನೂ ತನ್ನಿ.