ನಗಿಸೋದಕ್ಕೆ ಬೇರೆಯವರ ನೋವೇ ಬೇಕಾ?

ಎಷ್ಟೋ ವಿಡಿಯೊ ಜಾಹೀರಾತುಗಳನ್ನು ಐದು ಸೆಕೆಂಡ್ ಆದ ಮೇಲೆ ಸ್ಕಿಪ್ ಮಾಡಬಹುದು, ನಿಜ. ಆದರೆ ಅಷ್ಟರಲ್ಲೇ ಚುಚ್ಚಬೇಕಾದ್ದನ್ನು ಚುಚ್ಚಿಬಿಟ್ಟಿರುತ್ತಾರೆ. ಜಾಹೀರಾತಿನಲ್ಲಿ ತಮಾಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ತಮಾಷೆ ನನಗೂ ಇಷ್ಟ. ಯಾರದ್ದೋ ಸಾವು, ಯಾರದ್ದೋ ಅವಮಾನ ಸರಕಾದಾಗ ಮಾತ್ರ ಮೈ ಉರಿಯುತ್ತದೆ.

2013ರಲ್ಲಿ ಬ್ರಿಟನ್ನಿನಲ್ಲಿ ಹುಂಡೈ ಕಾರಿನ ಒಂದು ಆನ್‌ಲೈನ್ ಜಾಹೀರಾತು ಬಂದಿತ್ತು. ಅದರಲ್ಲಿ ಒಬ್ಬ ಆತ್ಮಹತ್ಯೆಗೆ ಪ್ರಯತ್ನಿಸುತ್ತಾನೆ. ಕಾರು ವಿಷದ ಹೊಗೆಯನ್ನೇ ಬಿಡುವುದಿಲ್ಲ, ಹಾಗಾಗಿ ಬದುಕಿ ಮನೆಯೊಳಗೆ ಹೋಗುತ್ತಾನೆ. ಅದೇ ಜೋಕು! ಅಪ್ಪನನ್ನು ಅದೇ ರೀತಿ ಕಳೆದುಕೊಂಡಿದ್ದ ಮಗಳೊಬ್ಬರು ಅದನ್ನು ನೋಡಿ ಅತ್ತಿದ್ದಾಗಿ ಬರೆದರು. ಅವರೂ ಜಾಹೀರಾತು ಬರೆಯುವ ಕೆಲಸದವರೇ. ಅಷ್ಟು ಜನ ಕೂತು ಚರ್ಚಿಸಿ, ಚಿತ್ರೀಕರಿಸಿ, ಎಡಿಟ್ ಮಾಡುವಾಗ ಒಬ್ಬರಿಗೂ ಇಂಥವರ ನೆನಪು ಬರಲಿಲ್ವಾ? ನೋಡುವವರು ಆ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿದ್ದಾರೋ ಯಾರಿಗೆ ಗೊತ್ತು?

2021ರ ಮಹಿಳಾ ದಿನದಂದು ಬರ್ಗರ್ ಕಿಂಗ್‌ನ ಬ್ರಿಟನ್ ಖಾತೆ ಹೆಂಗಸರ ಜಾಗ ಅಡುಗೆಮನೆ ಅಂತ ಟ್ವೀಟ್ ಮಾಡಿತು. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಳ್ಳೆಯ ವಿಷಯ ಕೆಳಗಿನ ಟ್ವೀಟ್‌ಗಳಲ್ಲಿತ್ತು. ಆದರೆ ಓಡಿದ್ದು ಮೊದಲ ಸಾಲು ಮಾತ್ರ. ಕೊನೆಗೆ ಅಳಿಸಿ ಕ್ಷಮೆ ಕೇಳಿದರು.

ಇಂಥ ಗದ್ದಲ ಆದಾಗಲೆಲ್ಲ ಎಷ್ಟೋ ಕಂಪನಿಗಳದ್ದು ಒಂದೇ ಮಾತು, "ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮಿಸಿ." ಜಾಹೀರಾತಿಗಿಂತ ನನಗೆ ಇದೇ ಜಾಸ್ತಿ ಸಿಟ್ಟು ತರಿಸುತ್ತದೆ. ಬೇಜಾರು 'ಆಗಿದ್ದರೆ' ಅನ್ನೋದೇನು? ಆಗಿದೆ. ತುಂಬಾ ಆಗಿದೆ.