ಗಿಟಾರಿನ ಕಿವಿ ಹಿಂಡುವ ಗುಂಡಿಗಳು

ಟ್ಯೂನರ್‌ಗೆ, ಅಂದರೆ ಗಿಟಾರಿನ ತಲೆಯಲ್ಲಿ ತಂತಿ ಬಿಗಿ ಮಾಡುವ ತಿರುಪಿಗೆ, ಮರದ ಗುಂಡಿ ಹಾಕಿದರೆ ಗಿಟಾರಿನ ನಾದವೇ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೇ ಕೈಯಾರೆ ಮಾಡಿ ಹಾಕಿಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ತಂತಿಯ ಎಳೆತ ಬೀಳುವುದು ಅದು ಸುತ್ತಿಕೊಂಡಿರುವ ಕಂಬದ ಮೇಲೆ, ಅಲ್ಲಿಂದ ಹಲ್ಲಿನ ಚಕ್ರಕ್ಕೆ, ಅಲ್ಲಿಂದ ಸ್ಕ್ರೂ ಥರದ ಗೇರಿಗೆ, ಅಲ್ಲಿಗೆ ಮುಗಿಯಿತು. ಗುಂಡಿ ಇರುವುದು ಅದರಾಚೆ. 14:1, 18:1 ಅಂತೆಲ್ಲ ಬರೆದಿರುತ್ತಾರಲ್ವಾ, ಅಂದರೆ ಗುಂಡಿಯನ್ನು 18 ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು ತಿರುಗುತ್ತದೆ. ತಂತಿ ಆ ಕಡೆಯಿಂದ ಎಷ್ಟೇ ಜಗ್ಗಲಿ, ಗುಂಡಿ ಅಲ್ಲಾಡುವುದಿಲ್ಲ. ವೀಣೆ, ಪಿಟೀಲಿನ ಬಿರಡೆ ಕಥೆ ಬೇರೆ. ಅಲ್ಲಿ ತಂತಿಯನ್ನು ಹಿಡಿದು ನಿಲ್ಲಿಸುವುದೇ ಮರದ ಬಿಗಿ.

ಹಾಗಾದರೆ ಯಾಕೆ ಮಾಡಿದೆ? ನನ್ನ ಹಳೇ ಗಿಟಾರಿನ ಪ್ಲಾಸ್ಟಿಕ್ ಗುಂಡಿಗಳು ಒಂದೊಂದಾಗಿ ಪುಡಿಯಾಗತೊಡಗಿದವು. ಹಳೇ ಕಾಲದ ಕೆಲವು ಪ್ಲಾಸ್ಟಿಕ್ ಹಾಗೇನೇ, ಮೊದಲು ಕುಗ್ಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಟ್ಯೂನ್ ಮಾಡಲು ಹೋದರೆ ಬೆರಳಲ್ಲೇ ಒಣ ಬೆಲ್ಲದ ಥರ ಉದುರುತ್ತದೆ. ಹೊಸದು ಕೊಂಡುಕೊಳ್ಳಬಹುದಿತ್ತು. ಆದರೆ ಮನೆಯಲ್ಲಿ ಕರಿಮರದ ಒಂದು ತುಂಡು ಸುಮ್ನೆ ಬಿದ್ದಿತ್ತು, ಕೈ ತುರಿಸಿತು.

ಮೊದಲ ಎರಡು ಗುಂಡಿ ಕಸಕ್ಕೆ ಹೋದವು. ಚೆಂದಕ್ಕೆ ಆಕಾರ ಕೊಟ್ಟು, ನುಣ್ಣಗೆ ಉಜ್ಜಿ, ಕೊನೆಯಲ್ಲಿ ತೂತು ಕೊರೆಯಲು ಹೋದೆ. ಡ್ರಿಲ್ ಓರೆಯಾಗಿ ಪಕ್ಕದಿಂದ ಆಚೆ ಬಂತು. ಎರಡು ಸಂಜೆಯ ಕೆಲಸ ಹಾಳು! ಮೊದಲು ಚೌಕ ತುಂಡಿನಲ್ಲೇ ತೂತು ಕೊರೆಯಬೇಕು, ಆಕಾರ ಆಮೇಲೆ. ಆಗ ಡ್ರಿಲ್ ತಪ್ಪಿದರೂ ಹೋಗುವುದು ಒಂದು ತುಂಡು ಮರ ಅಷ್ಟೇ.

ಮೂರನೆಯದರಲ್ಲಿ ತೂತು ಸರಿ ಬಂತು, ಆದರೆ ಮರದ ಎಳೆ ಅಡ್ಡ ಇತ್ತು. ಗುಂಡಿಗೆ ಒಂದು ಸಣ್ಣ ಕುತ್ತಿಗೆ ಇರುತ್ತದೆ ನೋಡಿ, ಟ್ಯೂನರ್‌ನ ಲೋಹದ ಕಡ್ಡಿ ಒಳಗೆ ಹೋಗುವ ಜಾಗ. ಎಳೆ ಅಡ್ಡ ಇದ್ದರೆ ಅಲ್ಲೇ ಟಕ್ಕನೆ ಮುರಿಯುತ್ತದೆ. ಎಳೆ ಕಡ್ಡಿಯ ಉದ್ದಕ್ಕೇ ಇರಬೇಕು. ಆದರೆ ಹಾಗೆ ಇಟ್ಟರೆ ಇನ್ನೊಂದು ತಲೆನೋವು, ತೂತು ಬಿಗಿಯಾದರೆ ಸೌದೆ ಸೀಳಿದ ಹಾಗೆ ಎರಡು ಹೋಳು. ಅದಕ್ಕೇ ತೂತು ಸ್ವಲ್ಪ ಸಡಿಲವೇ ಇರಲಿ. ಕಡ್ಡಿಯ ತುದಿ ಪೂರ್ತಿ ದುಂಡಗಿರುವುದಿಲ್ಲ, ಎರಡು ಬದಿ ಚಪ್ಪಟೆ. ದುಂಡು ತೂತಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ, ಕಡ್ಡಿಗೆ ತೆಳ್ಳಗೆ ಮೇಣ ಸವರಿ ಒಳಗೆ ಕೂರಿಸಿ. ಒಣಗಿದ ಮೇಲೆ ಎಳೆದರೆ ಕಡ್ಡಿ ಹೊರಗೆ ಬರುತ್ತದೆ, ಒಳಗೆ ಅದರದೇ ಅಚ್ಚು ಉಳಿದಿರುತ್ತದೆ. ಆಮೇಲೆ ಮೇಣ ಒರೆಸಿ, ಒಂದೇ ಹನಿ ಅಂಟು ಹಾಕಿ ಕೂರಿಸಿದರೆ ಮುಗಿಯಿತು. ಈ ಉಪಾಯ ಮೊದಲೇ ಹೊಳೆದಿದ್ದರೆ ಎಷ್ಟು ಮರ ಉಳಿಯುತ್ತಿತ್ತೋ!

ಕರಿಮರವೇ ಬೇಕು, ಬೀಟೆಯೇ ಬೇಕು ಅಂತ ಹಟ ಬೇಡ. ಗಟ್ಟಿಯಾದ, ಎಳೆ ಒತ್ತಾಗಿರುವ ಯಾವ ಮರವಾದರೂ ಆಗುತ್ತದೆ. ಪಾಲಿಶ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, 400ರ ಸ್ಯಾಂಡ್‌ಪೇಪರ್ ತನಕ ಉಜ್ಜಿ ಎಣ್ಣೆ ಒರೆಸಿದರೆ ಸಾಕು. ಮಾಸ್ಕ್ ಮಾತ್ರ ಬಿಡಬೇಡಿ, ಕರಿಮರದ ಪುಡಿ ಮೂಗಿಗೆ ಹೋದರೆ ದಿನವಿಡೀ ಸೀನು.

ಲಾಭ ಇಲ್ಲ ಅಂತಲ್ಲ. ಲೋಹದ ಗುಂಡಿ ಇದ್ದವರಿಗೆ ಗಿಟಾರಿನ ತಲೆಯ ಭಾರ ಸ್ವಲ್ಪ ಇಳಿಯುತ್ತದೆ, ಕುತ್ತಿಗೆ ಕೆಳಕ್ಕೆ ವಾಲುವ ಗಿಟಾರಿಗೆ ಅದು ಒಳ್ಳೆಯದೇ. ಮತ್ತೆ ಬೆರಳಿಗೆ ಹಿತ. ತಣ್ಣಗೆ ಕೊರೆಯುವುದಿಲ್ಲ, ಜಾರುವುದಿಲ್ಲ, ಅಂಚನ್ನು ನಿಮ್ಮ ಹೆಬ್ಬೆರಳಿಗೆ ತಕ್ಕ ಹಾಗೆ ನೀವೇ ತಿದ್ದಿಕೊಳ್ಳಬಹುದು. ನನಗೆ ಅಷ್ಟೇ ಸಾಕಿತ್ತು.

ಸದ್ಯಕ್ಕೆ ಐದು ಮರದವು, ಒಂದು ಹಳೇ ಪ್ಲಾಸ್ಟಿಕ್. ಆರನೆಯದನ್ನು ಮೊನ್ನೆ ಅವಸರದಲ್ಲಿ ಅಚ್ಚು ತೆಗೆಯದೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಲು ಹೋದೆ. ಮೇಲೆ ಹೇಳಿದೆನಲ್ಲ, ಸೌದೆ ಸೀಳಿದ ಹಾಗೆ.